ಇದಿರು ಅರ್ಥಧಾರಿಯಿಲ್ಲದ ವೇದಿಕೆ: ಒಂದು ಭಾಷಣದ ಪ್ರಕರಣ ಅಧ್ಯಯನ

ಕಳೆದ ವರ್ಷದ ಮೇ ತಿಂಗಳಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಸಭೆಯಲ್ಲಿ ನಾನು 47 ನಿಮಿಷ ಮಾತನಾಡಿದೆ. ನಡುವೆ ಮೂರು ಸಲ ಚಪ್ಪಾಳೆ ಬಿತ್ತು. ಮುಗಿದ ಮೇಲೆ ಚಹಾ ಕುಡಿಯುತ್ತಿದ್ದಾಗ ನಾಲ್ಕೈದು ಮಂದಿ ಹತ್ತಿರ ಬಂದು ‘ಲಾಯ್ಕಾಯ್ತು ಮಾಸ್ಟ್ರೇ’ ಎಂದರು. ಸಂಘಟಕರು ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದರು. ಸಭೆಯನ್ನು ಕರೆದದ್ದು ಒಂದೇ ಉದ್ದೇಶಕ್ಕೆ, ಜೂನ್‌ನಲ್ಲಿ ಶಾಲೆ ತೆರೆಯುವಾಗ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸುವಂತೆ ಸುತ್ತಲಿನ ಹೆತ್ತವರನ್ನು ಒಪ್ಪಿಸುವುದಕ್ಕೆ. ಮುಂದಿನ ಹನ್ನೆರಡು ದಿನಗಳಲ್ಲಿ ಒಬ್ಬರಾದರೂ ಬಂದು ಅರ್ಜಿ ಕೇಳಲಿಲ್ಲ.

ಇದು ಆ ಭಾಷಣದ ಪರಿಶೀಲನೆ. ಸೋತ ಭಾಷಣಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬೇರೆಯವರದನ್ನು ಆಯ್ದುಕೊಳ್ಳುತ್ತಾರೆ. ನನಗೆ ನನ್ನದೇ ಸಿಕ್ಕಿದ್ದರಿಂದ ಒಂದು ಅನುಕೂಲವಿದೆ. ಭಾಷಣಕಾರ ಮಾತಿನ ಹಿಂದೆ ಏನನ್ನು ಯೋಚಿಸಿದ್ದ, ಯಾವುದನ್ನು ಸುಲಭವೆಂದು ಹಿಡಿದ, ಯಾವುದಕ್ಕೆ ಹೆದರಿ ಬಿಟ್ಟ ಎಂಬುದು ಹೊರಗಿನವರಿಗೆ ಊಹೆಯಾದರೆ ನನಗೆ ಗೊತ್ತಿರುವ ವಿಷಯ. ನಾನು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು, ಮೂವತ್ತು ವರ್ಷಗಳಿಂದ ಹವ್ಯಾಸಿಯಾಗಿ ತಾಳಮದ್ದಳೆಯಲ್ಲಿ, ಅಂದರೆ ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲಿಯೇ ನಡೆಸುವ ಕೂಟದಲ್ಲಿ, ಅರ್ಥ ಹೇಳುತ್ತ ಬಂದವನು. ಮಾತು ಬಾರದವನ ಸೋಲಲ್ಲ ಇದು. ಮಾತು ಚೆನ್ನಾಗಿ ಬರುತ್ತದೆಂದು ನಂಬಿಕೊಂಡಿದ್ದವನ ಸೋಲು.

ಸಂದರ್ಭ

ಕೇರಳದಲ್ಲಿ ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ ನಡೆಯುತ್ತದೆ. ತರಗತಿಗಳೆಷ್ಟು, ಅಧ್ಯಾಪಕ ಹುದ್ದೆಗಳೆಷ್ಟು ಎಂಬುದೆಲ್ಲ ಆ ಎಣಿಕೆಯ ಮೇಲೆ ನಿಲ್ಲುತ್ತದೆ. ಹಿಂದಿನ ವರ್ಷ ಈ ಶಾಲೆಯ ಒಂದನೆಯ ತರಗತಿಯಲ್ಲಿದ್ದ ಮಕ್ಕಳು ನಾಲ್ಕು. ಇಲಾಖೆಯ ಕಡತಗಳಲ್ಲಿ ‘ಅನ್‌ಎಕನಾಮಿಕ್’ ಎಂಬ ಪದ ಅಂಟಿಕೊಂಡ ಶಾಲೆಗಳ ಪೈಕಿ ಇದೂ ಒಂದು. ಮುಖ್ಯಶಿಕ್ಷಕಿ ನನ್ನ ಮನೆಗೆ ಬಂದು, ‘ಮಾಸ್ಟ್ರೇ, ನೀವು ಒಂದು ಸಲ ಮಾತನಾಡಬೇಕು, ನೀವು ಹೇಳಿದರೆ ಜನ ಕೇಳುತ್ತಾರೆ’ ಎಂದರು. ಆ ಮಾತನ್ನು ನಾನು ಪೂರ್ತಿಯಾಗಿ ನಂಬಿದ್ದು ಮೊದಲ ತಪ್ಪು. ಜನ ಕೇಳುವುದಕ್ಕೂ ಕೇಳಿದ್ದನ್ನು ಒಪ್ಪುವುದಕ್ಕೂ ನಡುವೆ ಇರುವ ದೂರ ಎಷ್ಟೆಂಬುದನ್ನು ಅಧ್ಯಾಪಕನಾಗಿದ್ದವನು ಮರೆಯಬಾರದಿತ್ತು.

ಸಭೆ ಮೂರು ಗಂಟೆಗೆಂದು ಅಚ್ಚಾಗಿತ್ತು, ಆರಂಭವಾದದ್ದು ಹತ್ತು ನಿಮಿಷ ಕಡಿಮೆ ನಾಲ್ಕಕ್ಕೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಇಬ್ಬರು ಅತಿಥಿಗಳ ಶುಭಾಶಂಸನೆ ಎಲ್ಲ ಆಗಿ ನನ್ನ ಕೈಗೆ ಮೈಕ್ ಬರುವಾಗ ಗಂಟೆ ಐದಕ್ಕೆ ಸಮೀಪಿಸಿತ್ತು. ಎದುರಿಗಿದ್ದವರು ಸುಮಾರು ಎಪ್ಪತ್ತು ಮಂದಿ, ಅವರಲ್ಲಿ ಹೆಚ್ಚಿನವರು ತಾಯಂದಿರು. ಕೆಲವರ ಮಡಿಲಲ್ಲಿ ಮಗು, ಕೆಲವರ ಕೈಯಲ್ಲಿ ಆಗಾಗ ಮಿನುಗುವ ಮೊಬೈಲು. ಗಂಡಸರು ಹಿಂದೆ ಕಂಬಗಳಿಗೆ ಒರಗಿ ನಿಂತಿದ್ದರು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮಹಾಳಿ ಎಂಬ ಕೊಳೆರೋಗದ ಮದ್ದು ಬಿಟ್ಟು ಮುಗಿಸಬೇಕಾದ ದಿನಗಳವು. ಮೈಲುತುತ್ತಿನ ನೀಲಿ ಇನ್ನೂ ಅಂಗಿಯಲ್ಲಿದ್ದ ಇಬ್ಬರು ತೋಟದಿಂದ ನೇರವಾಗಿ ಬಂದವರೆಂದು ನೋಡಿದರೆ ತಿಳಿಯುತ್ತಿತ್ತು. ಕತ್ತಲೆಯ ಮೊದಲು ಮನೆ ಸೇರಬೇಕಾದವರು, ಸಂಜೆಯ ನಮಾಜಿಗೆ ಹೋಗಬೇಕಾದವರು, ಆರೂಕಾಲರ ಬಸ್ಸು ಹಿಡಿಯಬೇಕಾದವರು ಆ ಎಪ್ಪತ್ತರಲ್ಲೇ ಇದ್ದರು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ನಾನು ಮನೆಯಲ್ಲಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಯಲ್ಲಿ ಇದು ಯಾವುದಕ್ಕೂ ಜಾಗವಿರಲಿಲ್ಲ.

47 ನಿಮಿಷಗಳ ಲೆಕ್ಕ

ಶಾಲೆಯ ಯುವ ಅಧ್ಯಾಪಕರೊಬ್ಬರು ಭಾಷಣವನ್ನು ಮೊಬೈಲಿನಲ್ಲಿ ಮುದ್ರಿಸಿದ್ದರು. ಒಂದು ವಾರದ ಬಳಿಕ ಅದನ್ನು ತರಿಸಿಕೊಂಡು ಮೂರು ಸಲ ಕೇಳಿ, ಯಾವ ವಿಷಯಕ್ಕೆ ಎಷ್ಟು ಹೊತ್ತು ಹೋಗಿದೆಯೆಂದು ಗುರುತು ಹಾಕಿದೆ. ತನ್ನದೇ ದನಿಯನ್ನು ಅಷ್ಟು ಹೊತ್ತು ಕೇಳುವುದು ಸುಖದ ಕೆಲಸವಲ್ಲ. ವೇದಿಕೆಯಲ್ಲಿದ್ದವರ ಹೆಸರು, ಹುದ್ದೆ, ಗುಣಗಳನ್ನು ಹೇಳುವುದಕ್ಕೆ 4 ನಿಮಿಷ, ಮಾತಿನ ಮಹಿಮೆಯ ಕುರಿತ ಪ್ರಸಿದ್ಧ ವಚನವೊಂದರಿಂದ ಹೊರಟು ಕನ್ನಡದ ಹಿರಿಮೆಗೆ 6, ಕಾಸರಗೋಡಿನ ಚರಿತ್ರೆಗೆ 19, ಸಂವಿಧಾನಕ್ಕೆ 5, ಕೃಷ್ಣಸಂಧಾನದ ಕಥೆಗೆ 8, ಮಕ್ಕಳನ್ನು ಈ ಶಾಲೆಗೆ ಯಾಕೆ ಸೇರಿಸಬೇಕೆಂಬ ವಿಷಯಕ್ಕೆ 3, ಮುಕ್ತಾಯಕ್ಕೆ 2. ಸಭೆ ಕರೆದ ಕಾರಣಕ್ಕೆ ಸಿಕ್ಕಿದ್ದು 3 ನಿಮಿಷ, ಅದೂ 42ನೆಯ ನಿಮಿಷದ ಬಳಿಕ, ಹಿಂದಿನ ಬೆಂಚುಗಳು ಖಾಲಿಯಾಗತೊಡಗಿದ ಮೇಲೆ.

ಚರಿತ್ರೆಯ ಆ 19 ನಿಮಿಷಗಳಲ್ಲಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದು, 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಒಪ್ಪಿಸಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿದ್ದು, ಆ ಶಿಫಾರಸು ಜಾರಿಗೆ ಬಾರದೆ ಉಳಿದದ್ದು, 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು, ಮಂಜೇಶ್ವರದ ಗೋವಿಂದ ಪೈಯವರಿಗೆ ರಾಷ್ಟ್ರಕವಿ ಎಂಬ ಬಿರುದು ಬಂದದ್ದು, ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದುಕೊಂಡೇ ಗಡಿ ಹೋರಾಟಕ್ಕೆ ಇಳಿದದ್ದು ಎಲ್ಲವನ್ನೂ ಕ್ರಮವಾಗಿ, ತಾರೀಕು ತಪ್ಪದೆ ಹೇಳಿದ್ದೇನೆ. ಮೂರು ಚಪ್ಪಾಳೆಗಳಲ್ಲಿ ಎರಡು ಇಲ್ಲಿಯೇ ಬಿದ್ದವು. ಇದೇ ಭಾಗವನ್ನು ಅದರ ಹಿಂದಿನ ವರ್ಷ ಒಂದು ಸಾಹಿತ್ಯ ಸಮಾವೇಶದಲ್ಲಿ ಮಾತನಾಡಿದಾಗ ಸಭೆ ಅಲುಗಾಡದೆ ಕೇಳಿತ್ತು. ಮುಗಿದ ಮೇಲೆ ಇಬ್ಬರು ಹಿರಿಯರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಸಾಹಿತ್ಯ ಸಮಾವೇಶದಲ್ಲಿ ಗೆದ್ದದ್ದು ಇಲ್ಲಿಯೂ ಗೆಲ್ಲುತ್ತದೆಂದು ನಾನು ಎಣಿಸಿದ್ದು ಅದೇ ಧೈರ್ಯದಿಂದ.

ಎರಡು ಸಭೆಗಳ ವ್ಯತ್ಯಾಸ ಇಷ್ಟೇ. ಸಮಾವೇಶಕ್ಕೆ ಬಂದವರು ನೆನಪನ್ನು ಮತ್ತೊಮ್ಮೆ ಹಂಚಿಕೊಳ್ಳಲು ಬಂದಿದ್ದರು. ಅಲ್ಲಿಂದ ಎದ್ದು ಹೋಗಿ ಯಾರೂ ಏನನ್ನೂ ತೀರ್ಮಾನಿಸಬೇಕಾಗಿರಲಿಲ್ಲ. ಶಾಲೆಯ ಸಭೆಗೆ ಬಂದ ತಾಯಂದಿರಿಗೆ ಒಂದು ತೀರ್ಮಾನ ಬಾಕಿಯಿತ್ತು, ಅದಕ್ಕೆ ಎರಡು ವಾರದ ಗಡುವಿತ್ತು. ಐವತ್ತಾರರಲ್ಲಿ ಬೆಳಗಾಗುವಷ್ಟರಲ್ಲಿ ರಾಜ್ಯವೇ ಬದಲಾದದ್ದನ್ನು ಕಂಡವರ ಮುಂದೆ ಕಯ್ಯಾರರಂಥವರು ಆ ವಿಷಯವನ್ನು ಎತ್ತಿದಾಗ ಅದು ಕೇಳುಗರ ಅಂದಿನ ಸಂಕಟವಾಗಿತ್ತು. ನನ್ನ ಮುಂದೆ ಕುಳಿತವರು ಹುಟ್ಟಿದ್ದೇ ಕೇರಳದಲ್ಲಿ. ಅವರ ರೇಷನ್ ಕಾರ್ಡು ಕೇರಳದ್ದು, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಯೋಜನೆಯ ಸಾಲ ಕೇರಳದ್ದು, ಗಂಡ ಇರುವುದು ಗಲ್ಫಿನಲ್ಲಿ. ಅವರಿಗೆ ಅದು ಚರಿತ್ರೆ. ಗೌರವದಿಂದ ಕೇಳಬೇಕಾದ, ಕೇಳಿ ಚಪ್ಪಾಳೆ ತಟ್ಟಬೇಕಾದ ವಿಷಯ. ತಟ್ಟಿದರು.

ಕೃಷ್ಣಸಂಧಾನದ 8 ನಿಮಿಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರಿಣಾಮಕಾರಿಯಾದ ಮಾತಿಗೆ ನಿದರ್ಶನವೆಂದು ನಾನು ಆ ಕಥೆಯನ್ನು ಎತ್ತಿಕೊಂಡಿದ್ದೆ. ಐದು ಊರುಗಳನ್ನು ಕೇಳಲು ಹೋದವನು ಒಂದನ್ನೂ ಪಡೆಯದೆ ಮರಳಿದ ಕಥೆ ಅದೆಂಬುದು ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ಕೃಷ್ಣನ ಉದ್ದೇಶ ಸಂಧಿಯೇ ಆಗಿರಲಿಲ್ಲವೆಂದು ತಾಳಮದ್ದಳೆಯಲ್ಲಿ ನಾನೇ ಅನೇಕ ಸಲ ಸಾಧಿಸಿದ್ದೇನೆ. ಶಾಲೆಯ ಸಭೆಯಲ್ಲಿ ಆ ಸಮಾಧಾನ ಸಲ್ಲುವುದಿಲ್ಲ.

‘ಮಾತೃಭಾಷೆ’ ಎಂಬ ಪದ

ಧ್ವನಿಮುದ್ರಿಕೆಯನ್ನು ಎರಡನೆಯ ಸಲ ಕೇಳುವಾಗ ನಾನು ಎಣಿಸಿದ ಇನ್ನೊಂದು ಸಂಗತಿಯಿದೆ. ‘ಮಾತೃಭಾಷೆ’, ‘ತಾಯಿನುಡಿ’ ಎಂಬ ಪದಗಳನ್ನು ಒಟ್ಟು 23 ಸಲ ಬಳಸಿದ್ದೇನೆ. ಭಾಷಣದ ಬೆನ್ನೆಲುಬೇ ಆ ಪದ. ಮಗು ತಾಯಿನುಡಿಯಲ್ಲಿ ಕಲಿಯಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿ ಸೇರ್ಪಡೆಯಾದದ್ದೂ 1956ರ ಏಳನೆಯ ತಿದ್ದುಪಡಿಯಿಂದ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೆ. ಆದ್ದರಿಂದ ಕನ್ನಡ ಶಾಲೆ ನಿಮ್ಮ ಹಕ್ಕು. ವಾದದ ಸರಣಿ ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಆದರೆ ಆ ಸಭೆಯಲ್ಲಿದ್ದ ಎಪ್ಪತ್ತು ಮಂದಿಯ ಮನೆಮಾತು ಯಾವುದು? ನಮ್ಮ ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಪ್ರತಿ ವೇದಿಕೆಯಲ್ಲಿಯೂ ಹೊಗಳುತ್ತೇವೆ, ನಾನೂ ಅಂದು ಹೊಗಳಿದ್ದೆ. ಹೊಗಳಿ ಹತ್ತು ನಿಮಿಷ ಕಳೆಯುವುದರೊಳಗೆ ಅದನ್ನು ಮರೆತಿದ್ದೆ. ಮುಂದಿನ ಸಾಲುಗಳಲ್ಲಿದ್ದವರಲ್ಲಿ ಹೆಚ್ಚಿನವರ ಮನೆಯಲ್ಲಿ ತುಳು. ಎಡಬದಿಯಲ್ಲಿ ಒಟ್ಟಾಗಿ ಕುಳಿತಿದ್ದವರ ಮನೆಯಲ್ಲಿ ಮಲಯಾಳ. ಎರಡು ಮೂರು ಮನೆ ಕರಾಡರ ಮರಾಠಿ, ಒಂದೆರಡು ಕೊಂಕಣಿ, ನಾಲ್ಕಾರು ಹವಿಗನ್ನಡ. ಪುಸ್ತಕದ ಕನ್ನಡ ಯಾರ ಮನೆಯ ಅಡುಗೆಮನೆಯಲ್ಲಿಯೂ ಇರಲಿಲ್ಲ, ನನ್ನ ಮನೆಯಲ್ಲಿಯೂ ಇಲ್ಲ. ಅವರೆಲ್ಲರಿಗೂ ಕನ್ನಡ ಶಾಲೆಯ ಭಾಷೆ, ದೇವಸ್ಥಾನದ ಆಮಂತ್ರಣದ ಭಾಷೆ, ಯಕ್ಷಗಾನದ ಭಾಷೆ, ಅಜ್ಜ ಪತ್ರ ಬರೆಯುತ್ತಿದ್ದ ಭಾಷೆ. ಪ್ರೀತಿ ಇಲ್ಲದ ಭಾಷೆಯಲ್ಲ. ಆದರೆ ‘ತಾಯಿನುಡಿಯನ್ನು ತೊರೆಯಬೇಡಿ’ ಎಂದು ಗಂಟಲು ಏರಿಸಿದರೆ ತುಳು ಮಾತನಾಡುವ ತಾಯಿಗೆ ಅದು ತನಗೆ ಹೇಳಿದ ಮಾತೆಂದು ಅನಿಸುವುದಾದರೂ ಹೇಗೆ? ಧ್ವನಿಮುದ್ರಿಕೆಯಲ್ಲಿ 31ನೆಯ ನಿಮಿಷದ ಹತ್ತಿರ, ಮೊಬೈಲು ಇಟ್ಟಿದ್ದ ಮೇಜಿನ ಪಕ್ಕದಲ್ಲಿ ಯಾರೋ ಇನ್ನೊಬ್ಬರಿಗೆ ತುಳುವಿನಲ್ಲಿ ಮೆಲ್ಲಗೆ ಹೇಳುವುದು ಕೇಳಿಸುತ್ತದೆ: ನಮ್ಮದು ತುಳು ಅಲ್ಲವಾ. ಜೊತೆಗೆ ಒಂದು ಸಣ್ಣ ನಗು. ನನ್ನ ವಾದ ಬಿದ್ದದ್ದು ಅಲ್ಲಿ, ನನಗೆ ಗೊತ್ತೇ ಆಗದೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ನಗು. ಭಾಷಣ ಬಹಳ ಉದ್ದವಾಯಿತು, ಭಾಷೆ ಗ್ರಾಂಥಿಕವಾಯಿತು, ಹೊತ್ತು ಸರಿಯಿರಲಿಲ್ಲ ಎಂಬ ದೋಷಗಳನ್ನು ಯಾರು ಬೇಕಾದರೂ ಹೇಳಬಹುದು, ಅವು ನಿಜವೂ ಹೌದು. ಚಿಕ್ಕದಾಗಿ, ಸರಳವಾಗಿ, ಸರಿಯಾದ ಹೊತ್ತಿಗೆ ಅದೇ ವಾದವನ್ನು ಹೇಳಿದ್ದರೂ ಆ ನಗು ಬರುತ್ತಿತ್ತು. ಕೇಳುಗರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಎದ್ದ ಪ್ರಶ್ನೆಗೆ ಅದೇ ಕ್ಷಣದಲ್ಲಿ ಉತ್ತರ ಸಿಗದೆ ಹೋದದ್ದು ಮೂಲದ ತಪ್ಪು.

ತಾಳಮದ್ದಳೆಯಲ್ಲಿ ಇದು ಆಗುವುದಿಲ್ಲ. ಅಲ್ಲಿ ಇದಿರು ಅರ್ಥಧಾರಿ ಇರುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ನಡುವೆ ಭಾಗವತರು, ಚೆಂಡೆ ಮದ್ದಳೆ, ಎರಡು ಬದಿಯಲ್ಲಿ ಮುಖಾಮುಖಿಯಾಗಿ ಕುಳಿತ ಅರ್ಥಧಾರಿಗಳು. ಪದ್ಯ ಮುಗಿದ ಕೂಡಲೇ ಅದರ ಅರ್ಥವನ್ನು ಸ್ಥಳದಲ್ಲಿಯೇ ಮಾತಾಗಿ ಕಟ್ಟಬೇಕು. ವಾಲಿಯನ್ನು ಮರೆಯಿಂದ ಹೊಡೆದ ರಾಮನ ಅರ್ಥ ಹೇಳುವವನು ರಾಮನ ಸಮರ್ಥನೆಯನ್ನು ಮಾತ್ರ ಓದಿಕೊಂಡು ಹೋದರೆ ಕೆಟ್ಟ. ವಾಲಿ ಏನೇನು ಕೇಳಬಹುದೆಂಬುದನ್ನು ಮೊದಲು ತಿಳಿದುಕೊಂಡು ಹೋಗಬೇಕು. ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದ ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಗಳನ್ನು ಕೇಳಿ ಪಳಗಿದ ಕಿವಿಗಳು ನಮ್ಮ ಕಡೆಯವು. ಪೀಠಿಕೆ ಎಷ್ಟೇ ಸೊಗಸಾಗಿದ್ದರೂ ಇದಿರಿನವನ ಒಂದು ಪ್ರಶ್ನೆಗೆ ತಡವರಿಸಿದರೆ ಸಭೆಗೆ ಕೂಡಲೇ ತಿಳಿಯುತ್ತದೆ. ಸಾರ್ವಜನಿಕ ಭಾಷಣದಲ್ಲಿ ಆ ಇದಿರು ಪಾತ್ರ ವೇದಿಕೆಯ ಮೇಲಿಲ್ಲ. ಅದು ಎಪ್ಪತ್ತು ಪಾಲಾಗಿ ಬೆಂಚುಗಳ ಮೇಲೆ ಕುಳಿತಿರುತ್ತದೆ. ಕೇಳುತ್ತದೆ, ಮನಸ್ಸಿನಲ್ಲಿಯೇ ಖಂಡಿಸುತ್ತದೆ, ಬಾಯಲ್ಲಿ ಮಾತ್ರ ಏನನ್ನೂ ಹೇಳುವುದಿಲ್ಲ. ಇದಿರಿನಿಂದ ಉತ್ತರ ಬಾರದ್ದನ್ನು ನಾನು ಒಪ್ಪಿಗೆಯೆಂದು ಹಿಡಿದೆ. ತಾಳಮದ್ದಳೆಯಿಂದ ನಾನು ಶಾಲೆಗೆ ಹೊತ್ತುಕೊಂಡು ಹೋದದ್ದು ಪೀಠಿಕೆಯ ವೈಭವವನ್ನು. ಬಿಟ್ಟು ಹೋದದ್ದು ಸಂವಾದದ ಸಿದ್ಧತೆಯನ್ನು.

ಚಹಾದ ಹೊತ್ತಿನ ಪ್ರಶ್ನೆ

ಬಾಯಿಬಿಟ್ಟು ಕೇಳಿದವರು ಒಬ್ಬರಿದ್ದರು. ಸಭೆ ಮುಗಿದು ಚಹಾ ಹಂಚುತ್ತಿದ್ದಾಗ, ಹಿಂದೆ ನನ್ನ ಶಿಷ್ಯೆಯಾಗಿದ್ದ, ಈಗ ಐದು ವರ್ಷದ ಮಗುವಿನ ತಾಯಿಯಾಗಿರುವ ಒಬ್ಬಳು ಲೋಟ ಕೈಗಿತ್ತು, ನಗುತ್ತಲೇ ತುಳುವಿನಲ್ಲಿ ಕೇಳಿದಳು: ಮಾಸ್ಟ್ರೇ, ನಿಮ್ಮ ಪುಳ್ಳಿ ಯಾವ ಶಾಲೆಗೆ ಹೋಗುವುದು?

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾಳೆ. ಊರಿನವರಿಗೆಲ್ಲ ಗೊತ್ತಿರುವ ವಿಷಯ. ‘ಅವರು ಬೆಂಗಳೂರಿನಲ್ಲಿ ಇರುವುದಲ್ಲವಾ’ ಎಂದು ನಾನು ನಕ್ಕು ಜಾರಿಕೊಂಡೆ. ಅವಳೂ ನಕ್ಕಳು, ಪಕ್ಕದಲ್ಲಿದ್ದ ಮೂವರು ಹೆಂಗಸರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ಉಳಿದಿದ್ದ ಅಷ್ಟಿಷ್ಟು ಪರಿಣಾಮವನ್ನು ಈ ಒಂದು ಸಾಲಿನ ಉತ್ತರ ಕಳೆಯಿತೆಂದು ನನಗೆ ಈಗಲೂ ಅನಿಸುತ್ತದೆ. ಭಾಷಣಕಾರ ಹೇಳುವುದನ್ನು ಅಳೆಯುವ ಮೊದಲು ಜನ ಅವನನ್ನು ಅಳೆದಿರುತ್ತಾರೆ ಎಂಬುದು ವಾಕ್ಚಾತುರ್ಯದ ಕುರಿತು ಗ್ರೀಕರ ಕಾಲದಿಂದಲೂ ಹೇಳುತ್ತ ಬಂದ ಮಾತು. ನಮ್ಮಂಥ ಊರುಗಳಲ್ಲಿ ಅದರ ರೂಪ ಇನ್ನೂ ನೇರವಾದದ್ದು, ಯಾಕೆಂದರೆ ಇಲ್ಲಿ ಭಾಷಣಕಾರನ ಮನೆಯ ವಿಷಯ ಅವನಿಗಿಂತ ಮೊದಲು ಸಭೆಗೆ ಬಂದು ಕುಳಿತಿರುತ್ತದೆ.

ಈ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲವೆಂಬುದು ಅಷ್ಟು ದೊಡ್ಡ ದೋಷವಲ್ಲ. ಪ್ರಶ್ನೆ ಬರುತ್ತದೆಂದು ಗೊತ್ತಿದ್ದೂ ಭಾಷಣದ 47 ನಿಮಿಷಗಳಲ್ಲಿ ಒಂದು ಮಾತಿನಿಂದಲೂ ಅದನ್ನು ಮುಟ್ಟದೆ ದಾಟಿದ್ದು ದೋಷ. ಅಡಿಕೆಯ ಮದ್ದು ತಯಾರಿಸುವವರು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಹಿಡಿದ ಮೇಲೂ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿನಲ್ಲಿ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೆಯೇ ಬಿಟ್ಟರೆ ಗಿಡಕ್ಕೆ ಸುಡುತ್ತದೆ. ನಾನು ಕತ್ತಿ ಅದ್ದಿ ನೋಡಿರಲಿಲ್ಲ. ಭಾಷಣವನ್ನು ಮೊದಲೇ ಒಬ್ಬ ತಾಯಿಯ ಮುಂದೆ ಹೇಳಿದ್ದರೆ ಸಾಕಿತ್ತು, ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ.

ಜಗಲಿಯ ಸಭೆ

ಹನ್ನೆರಡು ದಿನಗಳ ಬಳಿಕ ಮುಖ್ಯಶಿಕ್ಷಕಿ ಮತ್ತೊಮ್ಮೆ ಕರೆದರು. ಈ ಸಲ ಸಭೆಯಲ್ಲ. ಕುಟುಂಬಶ್ರೀಯ ಒಂದು ಅಯಲ್‌ಕೂಟ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತದೆ, ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೊಡುತ್ತಾರೆ, ಬನ್ನಿ ಎಂದರು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಬುಡ ಇಂತಹ ನೆರೆಕೂಟಗಳು; ಮನೆಗೊಬ್ಬರಂತೆ ಹತ್ತಿಪ್ಪತ್ತು ಹೆಂಗಸರು ಸೇರುವ ಜಾಗ. ಅಂದು ಹದಿನಾರು ಮಂದಿ ಇದ್ದರು. ಮಳೆ ಶುರುವಾಗಿತ್ತು. ಹಲಸಿನ ಹಪ್ಪಳ ಒಳಗೆ ತಂದು ಹರಡಿದ್ದರಿಂದ ಜಗಲಿಯಲ್ಲಿ ಜಾಗ ಕಡಿಮೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು, ಮೈಕ್ ಇರಲಿಲ್ಲ. ಪುಳ್ಳಿಯ ಪ್ರಶ್ನೆ ಕೇಳಿದವಳೂ ಅಲ್ಲಿದ್ದಳು.

ನಾನು ತುಳುವಿನಲ್ಲಿ ಆರಂಭಿಸಿದೆ. ಮೊದಲನೆಯ ವಾಕ್ಯ ಇದು: ನನ್ನ ಪುಳ್ಳಿ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ಆದ್ದರಿಂದ ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಉಪದೇಶ ಮಾಡುವುದೂ ಇಲ್ಲ, ಶಾಲೆಯ ಬಗ್ಗೆ ನಿಮಗಿರುವ ಸಂಶಯಗಳನ್ನು ನಾನೇ ಒಂದೊಂದಾಗಿ ಹೇಳುತ್ತೇನೆ, ತಪ್ಪಿದರೆ ತಿದ್ದಿ. ಯಾರೋ ನಕ್ಕರು, ಹಿಂದಿನ ಸಲದ ನಗುವಲ್ಲ ಅದು. ಆಮೇಲೆ ವಾಲಿಯ ಪಕ್ಷವನ್ನು ನಾನೇ ಹಿಡಿದು ಮಾತನಾಡಿದೆ. ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಬರುವುದಿಲ್ಲ. ಕೇರಳದಲ್ಲಿ ಇದ್ದುಕೊಂಡು ಮಲಯಾಳ ಓದಲು ಬಾರದಿದ್ದರೆ ಆಫೀಸುಗಳಲ್ಲಿ ಕಷ್ಟ. ಇಂಗ್ಲಿಷ್ ಶಾಲೆಯ ಬಸ್ಸು ಗೇಟಿಗೆ ಬರುತ್ತದೆ, ಕನ್ನಡ ಶಾಲೆಗೆ ಮಗು ಮಳೆಯಲ್ಲಿ ನಡೆಯಬೇಕು. ನಾಲ್ಕೇ ಮಕ್ಕಳಿರುವ ತರಗತಿಯಲ್ಲಿ ಮಗು ಯಾರ ಜೊತೆ ಆಡುತ್ತದೆ.

ಉತ್ತರ ಕೊಡಬಲ್ಲದ್ದಕ್ಕೆ ಉತ್ತರ ಕೊಟ್ಟೆ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು 2017ರಲ್ಲಿ ಬಂದಾಗ ಜಿಲ್ಲೆಯ ಕನ್ನಡಿಗರು ಅದನ್ನು ವಿರೋಧಿಸಿದ್ದು, ಆ ವಿರೋಧಕ್ಕೆ ಕಾರಣವಿದ್ದದ್ದು ಅವರಿಗೆ ಗೊತ್ತೇ ಇತ್ತು. ಅದನ್ನು ಮುಚ್ಚಿಡದೆ, ಮಗು ಮಲಯಾಳ ಅಕ್ಷರ ಕಲಿತರೆ ನಷ್ಟವಿಲ್ಲ, ಕನ್ನಡದ ಪಾಠವನ್ನು ಕನ್ನಡ ಬಾರದವರು ಮಾಡಿದರೆ ಮಾತ್ರ ನಷ್ಟ ಎಂದು ನನ್ನ ಅಭಿಪ್ರಾಯ ಹೇಳಿದೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕಾಸರಗೋಡು ಜಿಲ್ಲೆಯಲ್ಲಿ ಪಿ.ಎಸ್.ಸಿ. ಕೆಲವು ಹುದ್ದೆಗಳಿಗೆ ಅರ್ಜಿ ಕರೆಯುತ್ತದೆ. ಬಸ್ಸಿನ ವಿಷಯದಲ್ಲಿ, ನನ್ನಲ್ಲಿ ಉತ್ತರವಿಲ್ಲ ಎಂದೆ. ‘ಮಾತೃಭಾಷೆ’ ಎಂಬ ಪದವನ್ನು ಬಳಸಲಿಲ್ಲ.

ಒಟ್ಟು 9 ನಿಮಿಷ. ಆಮೇಲೆ ನಡೆದದ್ದು ನನ್ನ ಭಾಷಣದಲ್ಲಿರಲಿಲ್ಲ, ನನ್ನ ತಲೆಯಲ್ಲಿಯೂ ಇರಲಿಲ್ಲ. ಮನೆಯ ಯಜಮಾನತಿ, ಅಲ್ಲಿಯವರೆಗೆ ಲೆಕ್ಕದ ಪುಸ್ತಕ ಮಡಿಲಲ್ಲಿಟ್ಟು ಸುಮ್ಮನಿದ್ದವರು, ತಮ್ಮ ದೊಡ್ಡ ಮಗನ ವಿಷಯ ಎತ್ತಿದರು. ಅವನು ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೆಯ ತರಗತಿ. ಮನೆಪಾಠ ಹೇಳಿಕೊಡಲು ತಮಗೆ ಆಗುವುದಿಲ್ಲ, ತಾವು ಓದಿದ್ದು ಕನ್ನಡದಲ್ಲಿ, ಗಂಡ ದುಬಾಯಿಯಲ್ಲಿ. ಆದ್ದರಿಂದ ಟ್ಯೂಷನ್, ಟ್ಯೂಷನ್ನಿಗೆ ಸಂಬಳ ಬೇರೆ. ‘ಕನ್ನಡ ಶಾಲೆಯಾದರೆ ನಾನೇ ಹೇಳಿಕೊಡುತ್ತಿದ್ದೆ’ ಎಂದರು. ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇದೇ ಶಾಲೆಯಲ್ಲಿ, ಇಲ್ಲವೇ ಪಕ್ಕದ ಕನ್ನಡ ಶಾಲೆಯಲ್ಲಿ ಕಲಿತವರು. ಮಗುವಿನ ಪುಸ್ತಕ ತೆರೆದಾಗ ಅದು ತಮಗೂ ಓದಲು ಬರುವ ಪುಸ್ತಕವಾಗಿರುವುದು ಎಷ್ಟು ದೊಡ್ಡ ಅನುಕೂಲವೆಂಬುದು ಅವರಿಗೆ ನನ್ನಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. 350ಎ ವಿಧಿಗಿಂತ ಇದು ಬಲವಾದ ವಾದ, ಮನೆಮಾತು ಯಾವುದಾದರೂ ಸಲ್ಲುವ ವಾದ. ಮೂವತ್ತು ವರ್ಷ ಅಧ್ಯಾಪಕನಾಗಿದ್ದವನಿಗೆ ಇದು ಹೊಳೆಯದೆ ಹೋದದ್ದಕ್ಕೆ ನನಗೆ ನಾಚಿಕೆಯಾಯಿತು. ಬಸ್ಸಿನ ಪ್ರಶ್ನೆಯನ್ನೂ ಅವರೇ ಎತ್ತಿಕೊಂಡರು: ಯಾರ ಗಂಡನ ಆಟೊ ಬೆಳಿಗ್ಗೆ ಆ ದಾರಿಯಲ್ಲಿ ಖಾಲಿ ಹೋಗುತ್ತದೆ, ಮೂವರು ಮಕ್ಕಳಾದರೆ ತಿಂಗಳಿಗೆ ಎಷ್ಟು ಕೇಳುತ್ತಾನೆ. ನಾನು ಚಹಾ ಕುಡಿಯುತ್ತ ಕುಳಿತಿದ್ದೆ.

ಆ ವಾರ ಮೂವರು ತಾಯಂದಿರು ಶಾಲೆಗೆ ಹೋಗಿ ತರಗತಿ ನೋಡಿ ಬಂದರು. ಇಬ್ಬರು ಮಕ್ಕಳನ್ನು ಸೇರಿಸಿದರು, ಮೂರನೆಯವರು ಸೇರಿಸಲಿಲ್ಲ. ಪುಳ್ಳಿಯ ಪ್ರಶ್ನೆ ಕೇಳಿದವಳು ಸೇರಿಸಿದವರಲ್ಲಿ ಒಬ್ಬಳು. ಆರನೆಯ ದಿನದ ಎಣಿಕೆಯಲ್ಲಿ ಒಂದನೆಯ ತರಗತಿಯಲ್ಲಿ ಆರು ಮಕ್ಕಳಿದ್ದರು.

ಎರಡು ಹೆಚ್ಚಾದದ್ದು ಭಾಷಣದಿಂದಲೇ ಎಂದು ಹೇಳುವುದು ಸರಿಯಲ್ಲ. ಮುಖ್ಯಶಿಕ್ಷಕಿ ಏಪ್ರಿಲ್‌ನಿಂದಲೇ ಮನೆಮನೆಗೆ ಹೋಗುತ್ತಿದ್ದರು. ಶಾಲೆ ತೆರೆಯುವ ದಿನ ಹತ್ತಿರ ಬಂದಂತೆ ತೀರ್ಮಾನ ಮಾಡುವ ಒತ್ತಡವೂ ಹೆಚ್ಚಿತ್ತು. ಹದಿನಾರು ಮಂದಿಯ ಜಗಲಿಗೂ ಎಪ್ಪತ್ತು ಮಂದಿಯ ಸಭಾಂಗಣಕ್ಕೂ ಹೋಲಿಕೆ ಪೂರ್ತಿಯಾಗಿ ನ್ಯಾಯವಲ್ಲ. ಮೊದಲ ಭಾಷಣವೇ ಪರೋಕ್ಷವಾಗಿ ಕೆಲಸ ಮಾಡಿತೆಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ: ಅದು ಆಗದಿದ್ದರೆ ಪುಳ್ಳಿಯ ಪ್ರಶ್ನೆ ಬರುತ್ತಿರಲಿಲ್ಲ, ಪ್ರಶ್ನೆ ಬಾರದಿದ್ದರೆ ಎರಡನೆಯ ಮಾತು ಹುಟ್ಟುತ್ತಿರಲಿಲ್ಲ. ಅವರೂ ಅರ್ಥಧಾರಿಗಳೇ, ಯಾವ ಪಕ್ಷವನ್ನು ಬೇಕಾದರೂ ನಿಲ್ಲಿಸಬಲ್ಲರು. ಆದರೆ ಜಗಲಿಯಲ್ಲಿ ಮಾತು ನನ್ನಿಂದ ಬಿಡಿಸಿಕೊಂಡು ಅವರದಾದ ಕ್ಷಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಭಾಂಗಣದಲ್ಲಿ ಅಂತಹ ಕ್ಷಣ ಬರಲಿಲ್ಲವೆಂಬುದಕ್ಕೆ 47 ನಿಮಿಷಗಳ ಮುದ್ರಿಕೆ ಸಾಕ್ಷಿಯಾಗಿದೆ.

ಈ ವರ್ಷದ ಮೇ ತಿಂಗಳಿಗೆ ಮತ್ತೆ ದೊಡ್ಡ ಸಭೆಯೇ ಆಗಬೇಕೆಂದು ಶಾಲೆಯ ರಕ್ಷಕ ಶಿಕ್ಷಕ ಸಂಘ ನಿಶ್ಚಯಿಸಿದೆ. ನನಗೂ ಕರೆ ಬಂದಿದೆ. ಮೂರು ಷರತ್ತು ಹಾಕಿದ್ದೇನೆ: ನನ್ನ ಮಾತು ಹತ್ತು ನಿಮಿಷ; ಅದು ಸ್ವಾಗತ ಮುಗಿದ ಕೂಡಲೇ, ಅತಿಥಿಗಳಿಗಿಂತ ಮೊದಲು; ವೇದಿಕೆಯಲ್ಲಿ ನನ್ನ ಎದುರಿಗೆ ಇನ್ನೊಂದು ಕುರ್ಚಿ ಹಾಕಿ, ಕಳೆದ ವರ್ಷ ಚಹಾದ ಹೊತ್ತಿನಲ್ಲಿ ನನ್ನನ್ನು ಪ್ರಶ್ನೆ ಕೇಳಿದವಳನ್ನು ಅಲ್ಲಿ ಕೂರಿಸಬೇಕು, ಮನಸ್ಸಿಗೆ ಬಂದದ್ದನ್ನು ಕೇಳಲು ಅವಳಿಗೂ ಒಂದು ಮೈಕ್ ಇರಬೇಕು. ಮೊದಲ ಎರಡಕ್ಕೆ ಸಂಘ ಒಪ್ಪಿದೆ. ಮೂರನೆಯದಕ್ಕೆ ಅವಳು ಇನ್ನೂ ಒಪ್ಪಿಲ್ಲ. ಮೈಕಿನ ಮುಂದೆ ತನಗೆ ಮಾತು ಬರುವುದಿಲ್ಲ ಎನ್ನುತ್ತಾಳೆ.